ಮಂಜುಗಡ್ಡೆಯ ಮೇಲೆ ಕೂತು ಮೀನು ಹಿಡಿಯುವವರಿಗೆ ಬೂಟು: ನಾಲ್ಕು ಜೋಡಿ ತೊಟ್ಟು ನೋಡಿದ ಮೇಲೆ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ನೀರು ಒಳಬರದ ಬೂಟೆಂದರೆ ಗಂಬೂಟು ಒಂದೇ. ಆಷಾಢದ ಮಳೆಯಲ್ಲಿ ಅಡಿಕೆ ತೋಟಕ್ಕೆ ಹೋಗುವಾಗಲೂ ಗದ್ದೆಯಂಚಿನ ಹಳ್ಳದಲ್ಲಿ ಗಾಳ ಹಾಕುವಾಗಲೂ ಅದನ್ನೇ ತೊಟ್ಟು ರೂಢಿಯಾಗಿದ್ದ ನಾನು, ಅಮೆರಿಕದ ಮಿನೆಸೋಟಾ ರಾಜ್ಯಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೊರಟಾಗಲೂ ಅಂಥದ್ದೇ ರಬ್ಬರ್ ಬೂಟಿನೊಳಗೆ ಎರಡೆರಡು ಕಾಲುಚೀಲ ತುರುಕಿಕೊಂಡು ಹೋಗಿದ್ದೆ. ಮುಕ್ಕಾಲು ಗಂಟೆ ಕಳೆಯುವುದರೊಳಗೆ ಕಾಲ್ಬೆರಳುಗಳು ಇವೆಯೋ ಇಲ್ಲವೋ ತಿಳಿಯದಂತಾಯಿತು. ಹೊರಗಿನ ನೀರು ಒಂದು ಹನಿಯೂ ಒಳಗೆ ಬಂದಿರಲಿಲ್ಲ. ಆದರೂ ಮನೆಗೆ ಬಂದು ಬಿಚ್ಚಿದಾಗ ಕಾಲುಚೀಲ ಒದ್ದೆಯಾಗಿತ್ತು, ಬೂಟಿನ ಮೂತಿಯ ಒಳಗೆ ಬಿಳಿಯ ಇಬ್ಬನಿ ಕಟ್ಟಿತ್ತು. ಅದು ನನ್ನದೇ ಬೆವರು. ಅಲ್ಲಿಂದ ಮುಂದಿನ ಆರು ಚಳಿಗಾಲಗಳಲ್ಲಿ, ಆ ರಬ್ಬರ್ ಬೂಟನ್ನೂ ಸೇರಿಸಿ ನಾಲ್ಕು ಜೋಡಿಯನ್ನು ಸ್ವಂತಕ್ಕೆ ಕೊಂಡು, ಇನ್ನೆರಡು ಜೋಡಿಯನ್ನು ಪರಿಚಿತರಿಂದ ಎರವಲು ಪಡೆದು ತೊಟ್ಟು ನೋಡಿದ್ದೇನೆ. ಈ ವಿಮರ್ಶೆಗೆ ಆಧಾರ ಆ ಅನುಭವವೇ.

ಮೊದಲು ಈ ಬೂಟು ಮಾಡಬೇಕಾದ ಕೆಲಸ ಯಾವುದೆಂದು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಅಂಗಡಿಯಲ್ಲಿ ಚಳಿಗಾಲದ ಬೂಟೆಂದು ಸಾಲಾಗಿ ಇಟ್ಟಿರುವುದರಲ್ಲಿ ಹೆಚ್ಚಿನವು ನಡೆಯುವವರಿಗಾಗಿ ಮಾಡಿದವು. ನಡೆಯುವ ಕಾಲು ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಮೀನು ಹಿಡಿಯುವವನು ಬೈರಿಗೆಯಿಂದ ಎಂಟು ಅಂಗುಲ ಅಗಲದ ತೂತು ಕೊರೆದು, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತನೆಂದರೆ ನಾಲ್ಕೈದು ಗಂಟೆ ಅಲ್ಲಾಡುವುದಿಲ್ಲ. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಮಿಲ್ ಲ್ಯಾಕ್ಸ್ ಎಂಬ, 500 ಚದರ ಕಿಲೋಮೀಟರಿಗೂ ದೊಡ್ಡದಾದ ಕೆರೆ ಇದೆ; ಜನವರಿಯ ಬೆಳಗ್ಗೆ ಅಲ್ಲಿ ಗಾಳಿಯ ಉಷ್ಣತೆ ಮೈನಸ್ 25 ಡಿಗ್ರಿ ಇರುವುದು ವಿಶೇಷವೇನಲ್ಲ. ಇದೇ ರಾಜ್ಯದ ಟವರ್ ಎಂಬ ಊರಿನಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ದಾಖಲಾಗಿದೆ. ಅಂಥ ಗಾಳಿಯಲ್ಲಿ ಕೂತವನ ಅಂಗಾಲು ಮಂಜುಗಡ್ಡೆಗೆ ಸದಾ ಅಂಟಿಕೊಂಡಿರುತ್ತದೆ, ಶಾಖ ಕೆಳಮುಖವಾಗಿ ಇಳಿದುಹೋಗುತ್ತಲೇ ಇರುತ್ತದೆ. ಆದ್ದರಿಂದ ಬೂಟಿನ ಮೈ ಎಷ್ಟು ದಪ್ಪ ಎನ್ನುವುದಕ್ಕಿಂತ ಅಟ್ಟೆ ಎಷ್ಟು ದಪ್ಪ, ಅದರೊಳಗೆ ಏನು ತುಂಬಿದ್ದಾರೆ ಎನ್ನುವುದು ಮುಖ್ಯ. ಇದು ನನಗೆ ಅರ್ಥವಾಗಲು ಎರಡು ಚಳಿಗಾಲ ಹಿಡಿಯಿತು.

ಹೆಪ್ಪುಗಟ್ಟಿದ ಕೆರೆಯ ಮೇಲೆ ನೀರೆಲ್ಲಿ ಬಂತು, ನೀರು ತಡೆಯುವ ಬೂಟೇಕೆ ಬೇಕು ಎಂದು ಊರಿನವರು ಕೇಳುತ್ತಾರೆ. ಗಡ್ಡೆಯ ಮೇಲೆ ಹಿಮ ಬಿದ್ದು ರಾಶಿಯಾದಾಗ ಅದರ ಭಾರಕ್ಕೆ ಗಡ್ಡೆ ತುಸು ಕೆಳಗಿಳಿಯುತ್ತದೆ, ಬಿರುಕುಗಳಿಂದಲೂ ನಾವೇ ಕೊರೆದ ತೂತುಗಳಿಂದಲೂ ನೀರು ಮೇಲೆ ಉಕ್ಕಿ ಹಿಮದ ಹೊದಿಕೆಯ ಕೆಳಗೆ ಹೆಪ್ಪುಗಟ್ಟದೆ ಹಾಗೆಯೇ ಉಳಿಯುತ್ತದೆ. ಮೇಲಿನಿಂದ ನೋಡಿದರೆ ಅಪ್ಪಟ ಬಿಳಿಯ ಬಯಲು. ಕಾಲಿಟ್ಟರೆ ಪಾದದ ಗಂಟಿನವರೆಗೆ ಕೆಸರಿನಂಥ ಹಿಮನೀರು. ಇಲ್ಲಿನವರು ಇದನ್ನು ಸ್ಲಶ್ ಎನ್ನುತ್ತಾರೆ. ನಾಟಿ ಗದ್ದೆಯಲ್ಲಿ ಕಾಲಿಟ್ಟವರಿಗೆ ಈ ಅನುಭವ ಹೊಸದಲ್ಲ, ಆ ತಣ್ಣನೆ ಮಾತ್ರ ಹೊಸದು.

ಈಗ ಪೆಟ್ಟಿಗೆಯ ಮೇಲಿನ ಸಂಖ್ಯೆಗಳ ವಿಷಯ. ಎರಡನೆಯ ಜೋಡಿಯನ್ನು ಕೊಳ್ಳುವಾಗ ನಾನು ನಂಬಿದ್ದು ಅವನ್ನೇ. ಮೈನಸ್ 40 ಎಂದು ಬರೆದಿದ್ದರೆ ಮೈನಸ್ 40ರಲ್ಲಿ ಕಾಲು ಬೆಚ್ಚಗಿರುತ್ತದೆ ಎಂದು ಯಾರಾದರೂ ತಿಳಿಯುವುದು ಸಹಜ. ಆದರೆ ಸಾಮಾನ್ಯ ಗ್ರಾಹಕರ ಬೂಟುಗಳಿಗೆ ಎಲ್ಲ ಕಂಪನಿಗಳೂ ಪಾಲಿಸಲೇಬೇಕಾದ ಒಂದೇ ಅಳತೆ ಇಲ್ಲ. ಒಬ್ಬೊಬ್ಬರು ತಮ್ಮ ತಮ್ಮ ಪರೀಕ್ಷೆಯ ಪ್ರಕಾರ ಬರೆದುಕೊಳ್ಳುತ್ತಾರೆ, ತೊಟ್ಟವರು ಓಡಾಡುತ್ತಲೇ ಇರುತ್ತಾರೆ ಎಂಬ ಊಹೆ ಆ ಸಂಖ್ಯೆಯ ಹಿಂದೆ ಹೆಚ್ಚಾಗಿ ಅಡಗಿರುತ್ತದೆ. ಮೈನಸ್ 100 ಡಿಗ್ರಿ ಸೆಲ್ಸಿಯಸ್ ಎಂದು ಮುದ್ರಿಸಿದ ಬೂಟುಗಳೂ ಮಾರುಕಟ್ಟೆಯಲ್ಲಿವೆ. ಭೂಮಿಯ ಮೇಲೆ ಅಳೆದು ದಾಖಲಿಸಿರುವ ಅತಿ ಕಡಿಮೆ ಗಾಳಿಯ ಉಷ್ಣತೆ 1983ರಲ್ಲಿ ಅಂಟಾರ್ಕ್ಟಿಕಾದ ವೊಸ್ಟೋಕ್ ಕೇಂದ್ರದಲ್ಲಿ ಸಿಕ್ಕ ಮೈನಸ್ 89.2 ಡಿಗ್ರಿ ಎಂಬುದನ್ನು ನೆನೆದರೆ, ಈ ಸಂಖ್ಯೆಯನ್ನು ಒಂದೇ ಕಂಪನಿಯ ಎರಡು ಬೂಟುಗಳನ್ನು ಹೋಲಿಸಲು ಬಳಸಬಹುದೇ ಹೊರತು ಹವಾಮಾನ ವರದಿಯ ಜೊತೆ ಇಟ್ಟು ನೋಡಬಾರದು ಎಂಬುದು ತಿಳಿಯುತ್ತದೆ. ಕಾರ್ಖಾನೆ ಕೆಲಸಗಾರರ ಸುರಕ್ಷತಾ ಬೂಟುಗಳಿಗೆ ಐಎಸ್‌ಒ ಮಾನದಂಡದಲ್ಲಿ ‘ಸಿಐ’ ಎಂಬ ಗುರುತಿದೆ. ಮೈನಸ್ 17 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟಾಗ ಬೂಟಿನ ಒಳಗಿನ ಉಷ್ಣತೆ 10 ಡಿಗ್ರಿಗಿಂತ ಹೆಚ್ಚು ಇಳಿಯಬಾರದು ಎಂಬುದು ಅದರ ಅರ್ಥ. ಅದು ಪ್ರಾಮಾಣಿಕವಾದ ಅಳತೆ; ಆದರೆ ಅರ್ಧ ಗಂಟೆಯಲ್ಲಿ ಎದ್ದು ಹೋಗುವ ಮೀನುಗಾರನನ್ನು ನಾನು ಇನ್ನೂ ಕಂಡಿಲ್ಲ.

ಇನ್ನೊಂದು ಸಂಖ್ಯೆ ಗ್ರಾಮ್‌ಗಳದ್ದು. ಶಾಖ ತಡೆಯುವ ಥಿನ್ಸುಲೇಟ್ ಎಂಬ ಕೃತಕ ನಾರಿನ ಬಟ್ಟೆಯ ಹೆಸರಿನ ಜೊತೆ 400, 800, 1000 ಗ್ರಾಮ್ ಎಂದು ಬರೆದಿರುವುದು ಬೂಟಿನೊಳಗೆ ತುಂಬಿದ ಪದಾರ್ಥದ ತೂಕವಲ್ಲ, ಆ ಬಟ್ಟೆಯ ಒಂದು ಚದರ ಮೀಟರಿನ ತೂಕ. ಅದು ಕೆಲಸ ಮಾಡುವುದು ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು. ಅಂಗಾಲಿನ ಕೆಳಗೆ ಮೈಭಾರಕ್ಕೆ ಅದು ಚಪ್ಪಟೆಯಾದರೆ ಗಾಳಿಯೂ ಹೋಯಿತು, ಬೆಚ್ಚನೆಯೂ ಹೋಯಿತು. ನನ್ನ ಎರಡನೆಯ ಜೋಡಿ 1000 ಗ್ರಾಮಿನದು, ಮೇಲೆ ಚರ್ಮ ಕೆಳಗೆ ರಬ್ಬರ್, ಒಳಹೊದಿಕೆಯನ್ನು ಬೂಟಿಗೇ ಹೊಲಿದು ಬಿಟ್ಟಿದ್ದರು. ಹೆಸರು ಬೇಡ. ಮೀನಖಂಡ ಬೆಚ್ಚಗೆ, ಅಂಗಾಲು ತಣ್ಣಗೆ ಎಂಬ ವಿಚಿತ್ರ ಸ್ಥಿತಿಯಲ್ಲಿ ಒಂದು ಚಳಿಗಾಲ ಕಳೆಯಿತು. ಎರಡನೆಯ ಚಳಿಗಾಲದಲ್ಲಿ ಚರ್ಮವೂ ರಬ್ಬರೂ ಕೂಡುವ ಹೊಲಿಗೆಯಲ್ಲಿ, ಬಲಗಾಲಿನ ಕಿರುಬೆರಳಿನ ಪಕ್ಕ, ಸೋರಲು ಆರಂಭವಾಯಿತು. ನಡೆಯುವಾಗ ಬೂಟು ಪ್ರತಿ ಹೆಜ್ಜೆಗೂ ಮಡಿಯುವ ಜಾಗ ಅದೇ. ಅಂಟು ಹಚ್ಚಿ, ಮೇಣ ತಿಕ್ಕಿ ನೋಡಿದೆ, ಪ್ರಯೋಜನವಾಗಲಿಲ್ಲ. ಸೋರಿದ್ದಕ್ಕಿಂತ ಕೆಟ್ಟದ್ದೆಂದರೆ ಹೊಲಿದ ಒಳಹೊದಿಕೆ ಒಮ್ಮೆ ಒದ್ದೆಯಾದರೆ ಮೂರು ದಿನವಾದರೂ ಒಣಗದಿರುವುದು. ಶನಿವಾರ ಒದ್ದೆಯಾದ ಬೂಟು ಭಾನುವಾರದ ಮೀನಿಗೆ ದಕ್ಕುತ್ತಿರಲಿಲ್ಲ.

ಮೂರನೆಯ ಜೋಡಿಯ ಕಥೆ ಸ್ವಲ್ಪ ದೀರ್ಘವಾದದ್ದು, ಏಕೆಂದರೆ ಇಲ್ಲಿನ ಹಳೆಯ ಮೀನುಗಾರರಲ್ಲಿ ಅದರ ಬಗ್ಗೆ ಒಂದು ಬಗೆಯ ಭಕ್ತಿಯೇ ಇದೆ. ಸೇನೆಯ ಹೆಚ್ಚುವರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವ, ಮೊಲದ ಪಾದದಂತೆ ಉಬ್ಬಿಕೊಂಡಿರುವ ಬಿಳಿಯ ರಬ್ಬರ್ ಬೂಟು ಅದು. ಬನ್ನಿ ಬೂಟ್ ಎಂದೇ ಹೆಸರು. ಕೊರಿಯಾ ಯುದ್ಧದಲ್ಲಿ, 1950ರ ನವೆಂಬರ್–ಡಿಸೆಂಬರಿನ ಚೋಸಿನ್ ಜಲಾಶಯದ ಕಾಳಗದಲ್ಲಿ, ಅಮೆರಿಕದ ಸೈನಿಕರು ತೊಟ್ಟಿದ್ದು ರಬ್ಬರ್ ತಳದ ಚರ್ಮದ ಬೂಟು. ನಡೆಯುವಾಗ ಕಾಲು ಬೆವರಿ, ನಿಂತಾಗ ಆ ಬೆವರೇ ಹೆಪ್ಪುಗಟ್ಟಿ ಸಾವಿರಾರು ಮಂದಿಗೆ ಹಿಮಕಡಿತವಾಯಿತು. ಆ ಯುದ್ಧ ನಡೆಯುತ್ತಿದ್ದಾಗಲೇ ಬಂದ ಹೊಸ ಬೂಟಿನಲ್ಲಿ ಉಣ್ಣೆಯ ಪದರವನ್ನು ಎರಡು ರಬ್ಬರ್ ಪದರಗಳ ನಡುವೆ ಗಾಳಿಯಾಡದಂತೆ ಮುಚ್ಚಿಬಿಟ್ಟರು. ಹೊರಗಿನ ನೀರಾಗಲಿ ಒಳಗಿನ ಬೆವರಾಗಲಿ ಉಣ್ಣೆಯನ್ನು ಮುಟ್ಟುವಂತಿಲ್ಲ. ಕಪ್ಪು ಬಣ್ಣದ್ದು ಸಾಧಾರಣ ಚಳಿಗೆ, ಬಿಳಿಯದು ಕಡು ಚಳಿಗೆ. ಪಕ್ಕದಲ್ಲಿ ಪುಟ್ಟ ತಿರುಪಿನ ಕವಾಟವೊಂದಿದೆ. ವಿಮಾನದಲ್ಲಿ ಎತ್ತರಕ್ಕೆ ಹೋದಾಗ ಒಳಗೆ ಸಿಕ್ಕಿದ ಗಾಳಿ ಹಿಗ್ಗಿ ಬೂಟು ಬಿರಿಯದಿರಲೆಂದು ಅದನ್ನು ತೆರೆಯಬೇಕು, ನೆಲದ ಮೇಲೆ ಮುಚ್ಚಿರಬೇಕು. ತೆರೆದಿಟ್ಟರೆ ಆ ತೂತಿನಿಂದಲೇ ನೀರು ನುಗ್ಗಿ ಉಣ್ಣೆ ಹಾಳಾಗುತ್ತದೆ. ನನ್ನ ಜೋಡಿಯ ರಬ್ಬರಿನ ಮೇಲೆ ಬಾಟಾ ಎಂಬ ಅಚ್ಚು ಇತ್ತು. ಶಾಲೆಯ ಬಿಳಿ ಕ್ಯಾನ್ವಾಸ್ ಶೂಗೆ ಸುಣ್ಣದಂಥ ಪಾಲಿಶ್ ಬಳಿಯುತ್ತಿದ್ದ ನನಗೆ, ಅದೇ ಬಾಟಾ ಅಮೆರಿಕದ ಸೇನೆಗೂ ಬಿಳಿ ಬೂಟು ಮಾಡಿಕೊಟ್ಟಿತ್ತು ಎಂದು ಅಂಗಡಿಯವನಿಂದ ತಿಳಿದಾಗ ಊರಿನವರೊಬ್ಬರು ಸಿಕ್ಕಿದಂತಾಯಿತು.

ಬೆಚ್ಚನೆಯ ವಿಷಯದಲ್ಲಿ ಬನ್ನಿ ಬೂಟಿಗೆ ಸಮನಾದದ್ದನ್ನು ನಾನು ಕಂಡಿಲ್ಲ. ಮೈನಸ್ 31ರ ಒಂದು ಬೆಳಗ್ಗೆ ಐದು ಗಂಟೆ ಕೂತರೂ ಬೆರಳುಗಳು ಜೋಮು ಹಿಡಿಯಲಿಲ್ಲ. ಸ್ಲಶ್‌ನಲ್ಲಿ ನಿಂತರೂ ಲೆಕ್ಕಕ್ಕಿಲ್ಲ. ಆದರೆ ಬೆವರು ಎಲ್ಲಿಗೂ ಹೋಗಲು ದಾರಿಯಿಲ್ಲದೆ ಕಾಲುಚೀಲದಲ್ಲೇ ಉಳಿಯುತ್ತದೆ. ಸಂಜೆ ಬಿಚ್ಚಿದರೆ ಅಂಗಾಲು ದಿನವಿಡೀ ಪಾತ್ರೆ ತೊಳೆದ ಕೈಯಂತೆ ಬಿಳಿಚಿ ಸುಕ್ಕಾಗಿರುತ್ತದೆ. ಬೆಚ್ಚಗಿರುವ ಒದ್ದೆ ಅದು, ತೊಟ್ಟಿರುವವರೆಗೆ ತೊಂದರೆಯಿಲ್ಲ. ಅದೇ ಕಾಲುಚೀಲದಲ್ಲಿ ಬೂಟು ಬಿಚ್ಚಿ ಹೊರಗೆ ಓಡಾಡಿದರೆ ಮಾತ್ರ ಅಪಾಯ. ಭಾರವೂ ಹೆಚ್ಚು, ಹಿಡಿತವೂ ಅಷ್ಟಕ್ಕಷ್ಟೆ, ಕಾರು ಓಡಿಸುವಾಗ ಬ್ರೇಕಿನ ಜೊತೆ ಆಕ್ಸಿಲರೇಟರನ್ನೂ ತುಳಿಯುವಷ್ಟು ಅಗಲ. ದಡದಿಂದ ತೂತಿನವರೆಗೆ ವಾಹನದಲ್ಲೇ ಹೋಗುವವರಿಗೆ ಇದಕ್ಕಿಂತ ಉತ್ತಮವಾದುದಿಲ್ಲ ಎಂದೇ ಹೇಳುತ್ತೇನೆ. ನಾನು ನಡೆದು ಹೋಗುವವನು.

ಎರವಲು ತೊಟ್ಟವುಗಳ ಬಗ್ಗೆ ಎರಡು ಮಾತು ಸಾಕು. ನಿಯೋಪ್ರೀನ್ ಎಂಬ ಮೆತ್ತನೆಯ ಕೃತಕ ರಬ್ಬರಿನ ಪದರವುಳ್ಳ, ಎಳೆದು ತೊಡುವ ರಬ್ಬರ್ ಬೂಟು ನಮ್ಮ ಗಂಬೂಟಿನ ಶ್ರೀಮಂತ ತಮ್ಮನಿದ್ದಂತೆ: ಹಗುರ, ಹೊಲಿಗೆಯಿಲ್ಲದ್ದರಿಂದ ಸೋರುವ ಮಾತೇ ಇಲ್ಲ, ಮೈನಸ್ 10ರವರೆಗೆ ಬಲು ಹಿತ. ಅದರಾಚೆಗೆ ಕೂತವರಿಗೆ ಸಾಲದು. ಇನ್ನೊಂದು ಇವಿಎ ಎಂಬ ನೊರೆಪ್ಲಾಸ್ಟಿಕ್ಕಿನಿಂದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಬೂಟು. ಕೈಯಲ್ಲಿ ಹಿಡಿದರೆ ಖಾಲಿ ಡಬ್ಬದಷ್ಟು ಹಗುರ, ಅಟ್ಟೆಯೇ ನೊರೆಯಾದ್ದರಿಂದ ಅಂಗಾಲಿಗೆ ಒಳ್ಳೆಯ ರಕ್ಷಣೆ. ಆದರೆ ಬೈರಿಗೆಯ ಅಲಗು ತಾಗಿದರೆ ಬೆಣ್ಣೆಯಂತೆ ಕತ್ತರಿಸಿಹೋಗುತ್ತದೆ.

ನಾಲ್ಕನೆಯ ಜೋಡಿಯೇ ಈಗ ನನ್ನ ಕಾಲಿನಲ್ಲಿರುವುದು: ಕೆನಡಾದ ಬ್ಯಾಫಿನ್ ಕಂಪನಿಯ ಇಂಪ್ಯಾಕ್ಟ್. ಕೆಳಗೆ ಅಚ್ಚಿನಲ್ಲಿ ಮಾಡಿದ ರಬ್ಬರ್ ತೊಟ್ಟಿ, ಮೇಲೆ ಗಟ್ಟಿ ನೈಲಾನ್, ಒಳಗೆ ಪೂರ್ತಿ ಹೊರತೆಗೆಯಬಹುದಾದ ಹಲವು ಪದರಗಳ ಒಳಬೂಟು. ಮೊದಲು ಹೇಳಿದ ಮೈನಸ್ 100ರ ಅಚ್ಚು ಇದರ ಮೇಲೂ ಇದೆ. ಅದನ್ನು ನೋಡಿ ನಗುತ್ತಲೇ ಕೊಂಡೆ. ಈ ಮಾದರಿಯ ಬೂಟುಗಳಿಗೆ ಇಲ್ಲಿ ಪ್ಯಾಕ್ ಬೂಟ್ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚು ಪರಿಚಿತವಾದದ್ದು ಸೋರೆಲ್: ಕೆನಡಾದ ಕಿಚನರ್ ಊರಿನ ಕಾಫ್ಮನ್ ಎಂಬ ರಬ್ಬರ್ ಕಂಪನಿ 1962ರಲ್ಲಿ ಹುಟ್ಟುಹಾಕಿದ ಹೆಸರು ಅದು, 2000ದಲ್ಲಿ ಆ ಕಂಪನಿ ದಿವಾಳಿಯಾದ ಮೇಲೆ ಅಮೆರಿಕದ ಕೊಲಂಬಿಯಾ ಕೊಂಡುಕೊಂಡಿತು. ಅದರ ಕ್ಯಾರಿಬೂ ನನ್ನ ಹೆಂಡತಿಯ ಬಳಿ ಇದೆ. ಫೆಲ್ಟಿನ ಒಳಬೂಟು ತೆಗೆದು ತೊಳೆದು ಒಣಗಿಸಬಹುದು, ಹಿಮದಲ್ಲಿ ನಡೆಯಲು ಚೆನ್ನ, ನೋಡಲೂ ಚೆನ್ನ. ಗಂಟೆಗಟ್ಟಲೆ ಕೂರಲು ಬ್ಯಾಫಿನ್ನಿನ ದಪ್ಪ ತಳ ವಾಸಿ ಎಂಬುದು ನನ್ನ ತೀರ್ಮಾನ, ಅವಳದೂ ಅದೇ.

ಫೆಲ್ಟ್ ಎಂದರೆ ನೇಯದೆ ಒತ್ತಿ ಗಟ್ಟಿ ಮಾಡಿದ ಉಣ್ಣೆ ಅಥವಾ ಅದರಂಥ ನಾರು. ಮಲೆನಾಡಿನ ಮಳೆಯಲ್ಲಿ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡು ದಿನವಿಡೀ ನಾಟಿ ಮಾಡಿದವರಿಗೆ ಇದರ ಗುಣವನ್ನು ವಿವರಿಸಬೇಕಾಗಿಲ್ಲ: ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸದು, ತೇವದಲ್ಲೂ ಬೆಚ್ಚನೆ ಬಿಡದು. ರಷ್ಯದ ಹಳ್ಳಿಗರು ವಾಲೆಂಕಿ ಎಂಬ ಫೆಲ್ಟಿನ ಬೂಟಿನ ಮೇಲೆ ರಬ್ಬರಿನ ಹೊರಗವಸು ಹಾಕಿಕೊಂಡು ಇಂದಿಗೂ ಮಂಜುಗಡ್ಡೆಯ ಮೇಲೆ ಕೂರುತ್ತಾರೆ. ಒಳಗೆ ಉಣ್ಣೆ, ಹೊರಗೆ ರಬ್ಬರು, ಎರಡೂ ಬೇರೆ ಬೇರೆ ಎಂಬ ಆ ಹಳೆಯ ಉಪಾಯವೇ ನನ್ನ ಬೂಟಿನಲ್ಲೂ ಇರುವುದು. ಚೋಸಿನ್ನಿನಲ್ಲಿ ಕೈಕೊಟ್ಟದ್ದೂ ಇದೇ ಕುಲದ ಬೂಟು ಎಂಬುದನ್ನು ಮರೆಯುವಂತಿಲ್ಲ. ಆದ್ದರಿಂದ ದಡದಿಂದ ನಡೆಯುವಾಗ ಲೇಸನ್ನು ಸಡಿಲ ಬಿಟ್ಟು, ಬೆವರದಷ್ಟು ನಿಧಾನವಾಗಿ ಹೋಗಿ, ತೂತು ಕೊರೆದಾದ ಮೇಲೆ ಕಾಲುಚೀಲ ಬದಲಾಯಿಸಿಯೇ ಕೂರುತ್ತೇನೆ. ಚೀಲದಲ್ಲಿ ಒಣ ಜೋಡಿಯೊಂದು ಸದಾ ಇರುತ್ತದೆ. ಒಂದೊಂದು ಪಾದದಲ್ಲಿ ಲಕ್ಷಕ್ಕೂ ಮಿಕ್ಕಿದ ಬೆವರುಗ್ರಂಥಿಗಳಿರುವಾಗ ಈ ಎರಡು ನಿಮಿಷದ ಕೆಲಸವನ್ನು ಬೂಟು ನಮಗಾಗಿ ಮಾಡಲಾರದು.

ಇಂಪ್ಯಾಕ್ಟಿನಲ್ಲಿ ನನಗೆ ಒಪ್ಪಿಗೆಯಾಗದ ಅಂಶಗಳೂ ಇವೆ. ಜೋಡಿ ನಮ್ಮ ಮನೆಯ ತಕ್ಕಡಿಯಲ್ಲಿ 2 ಕಿಲೋಗೂ ಮೀರಿ ತೂಗುತ್ತದೆ. ಒಂದು ಕಿಲೋಮೀಟರ್ ನಡೆದರೆ ತೊಡೆಗೆ ಅರಿವಾಗುತ್ತದೆ. ಹಿಮ ಗುಡಿಸಿಹೋದ ಬರಿಯ ಗಡ್ಡೆಯ ಮೇಲೆ ರಬ್ಬರ್ ಅಟ್ಟೆ ಯಾವ ಬೂಟಿನಲ್ಲೂ ಜಾರುತ್ತದೆ, ಇದರಲ್ಲೂ ಜಾರುತ್ತದೆ. ಉಕ್ಕಿನ ಮೊಳೆಗಳಿರುವ ರಬ್ಬರ್ ಪಟ್ಟಿಯೊಂದನ್ನು ಬೇರೆ ಕೊಂಡು ಮೇಲಿನಿಂದ ಸಿಕ್ಕಿಸಿಕೊಳ್ಳಲೇಬೇಕು. ಈ ದಪ್ಪದ ಬೂಟಿಗೆ ಎಲ್ಲ ಪಟ್ಟಿಗಳೂ ಹಿಡಿಸುವುದಿಲ್ಲವಾದ್ದರಿಂದ ಬೂಟನ್ನು ಜೊತೆಗೊಯ್ದು ನೋಡಿ ಕೊಳ್ಳುವುದು ಮೇಲು.

ಅಳತೆಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಬೇರೆಯವರು ಮಾಡಬಾರದು. ಬಿಗಿಯಾದ ಬೂಟು ಎಷ್ಟೇ ಬೆಲೆಯದ್ದಾದರೂ ತಣ್ಣಗಿರುತ್ತದೆ, ಏಕೆಂದರೆ ಬೆರಳುಗಳಿಗೆ ರಕ್ತ ಹರಿಯದು, ಒಳಗೆ ನಿಲ್ಲಬೇಕಾದ ಗಾಳಿಗೆ ಜಾಗವೂ ಇರದು. ದಪ್ಪ ಕಾಲುಚೀಲವನ್ನು ಮನೆಯಿಂದಲೇ ಒಯ್ದು, ಪಾದ ತುಸು ಊದಿಕೊಂಡಿರುವ ಸಂಜೆಯ ಹೊತ್ತಿಗೆ ಅಂಗಡಿಗೆ ಹೋಗುವುದು ಒಳ್ಳೆಯದು. ಮೊದಲು ಒಳಬೂಟನ್ನು ಮಾತ್ರ ಹೊರತೆಗೆದು ತೊಟ್ಟು ಬೆರಳುಗಳನ್ನು ಆಡಿಸಿ ನೋಡಬೇಕು. ಆಮೇಲೆ ಬೂಟಿನೊಳಗಿಟ್ಟು, ಪಾದವನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ನನ್ನ ಮಾಮೂಲಿ ಅಳತೆಗಿಂತ ಒಂದು ಅಂಕೆ ದೊಡ್ಡದು ನನಗೆ ಸರಿಹೋಯಿತು. ಒಂದು ದಪ್ಪ ಉಣ್ಣೆಯ ಕಾಲುಚೀಲ ಸಾಕು. ಅದರ ಒಳಗೆ ಬೇಕಾದರೆ ತೆಳುವಾದದ್ದೊಂದು. ಹತ್ತಿಯದು ಮಾತ್ರ ಬೇಡವೇ ಬೇಡ, ಅದು ಬೆವರು ಕುಡಿದು ಹಾಗೆಯೇ ಕೂರುತ್ತದೆ. ಮನೆಗೆ ತಂದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ, ಒಳಬೂಟನ್ನು ತೆಗೆದಿಟ್ಟು ಅದರ ಜಾಗಕ್ಕೆ ಒಣ ಕಾಗದ ತುರುಕಿ, ಸ್ನಾನದ ತೊಟ್ಟಿಯಲ್ಲಿ ಒಂದು ಗೇಣು ತಣ್ಣೀರು ಬಿಟ್ಟು ಅದರಲ್ಲಿ ಬೂಟನ್ನು ಒತ್ತಿ ಹಿಡಿದರೆ ಸೋರುವ ಹೊಲಿಗೆ ಇಪ್ಪತ್ತು ನಿಮಿಷದಲ್ಲಿ ಗುಟ್ಟು ಬಿಟ್ಟುಕೊಡುತ್ತದೆ. ಎರಡನೆಯ ಜೋಡಿಗೆ ಈ ಪರೀಕ್ಷೆ ಮಾಡಿರಲಿಲ್ಲ.

ಬೆರಳಿನ ಬಳಿ ಇಟ್ಟುಕೊಳ್ಳುವ ಕಬ್ಬಿಣದ ಪುಡಿಯ ಶಾಖದ ಪೊಟ್ಟಣಗಳನ್ನು ನಂಬಿ ತೆಳು ಬೂಟು ಕೊಳ್ಳಬೇಕೆಂದಿರುವವರಿಗೆ ಒಂದು ಮಾತು: ಅವು ಬಿಸಿಯಾಗುವುದು ಗಾಳಿಯ ಆಮ್ಲಜನಕ ಸಿಕ್ಕಿದರೆ. ಮುಚ್ಚಿದ ರಬ್ಬರ್ ಬೂಟಿನೊಳಗೆ ಅವು ಬೇಗನೆ ಮಂಕಾಗುತ್ತವೆ, ಹೊರತೆಗೆದರೆ ಮತ್ತೆ ಬಿಸಿಯೇರಿ ನಮ್ಮನ್ನು ಅಣಕಿಸುತ್ತವೆ. ಅದಕ್ಕಿಂತ ಉಪಯುಕ್ತವಾದದ್ದನ್ನು ನಮ್ಮ ಪಕ್ಕದ ಮನೆಯ ನಿವೃತ್ತ ಅಜ್ಜ ನನಗೆ ಹೇಳಿಕೊಟ್ಟರು. ಒಂದು ಅಂಗುಲ ದಪ್ಪದ ಹಳೆಯ ರಬ್ಬರ್ ಚಾಪೆಯ ತುಂಡನ್ನು ತಂದು ತೂತಿನ ಪಕ್ಕದಲ್ಲಿ ಹಾಸಿ ಅದರ ಮೇಲೆ ಪಾದವಿಡುವುದು, ಅಷ್ಟೇ. ಬಿಡಿಕಾಸಿನ ಖರ್ಚಿಲ್ಲ. ಗಡ್ಡೆಗೂ ಅಟ್ಟೆಗೂ ನಡುವಿನ ಸಂಬಂಧ ಕಡಿದುಹೋದಾಗ ಆಗುವ ವ್ಯತ್ಯಾಸ ಹತ್ತೇ ನಿಮಿಷದಲ್ಲಿ ಕಾಲಿಗೆ ತಿಳಿಯುತ್ತದೆ. ನೂರು ಡಾಲರ್ ಕಡಿಮೆ ಬೆಲೆಯ ಬೂಟೂ ಆ ಚಾಪೆಯ ಮೇಲೆ ಮರ್ಯಾದೆ ಉಳಿಸಿಕೊಳ್ಳುತ್ತದೆ. ಯಾವ ಬೂಟೂ ನಡೆಯುವ ಗಡ್ಡೆಯನ್ನು ಗಟ್ಟಿ ಮಾಡದು ಎಂಬುದೂ ನೆನಪಿರಲಿ: ನಡೆದು ಹೋಗಲು ಕನಿಷ್ಠ ನಾಲ್ಕು ಅಂಗುಲ ದಪ್ಪದ ಸ್ವಚ್ಛ ಗಡ್ಡೆ ಬೇಕೆಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ, ನಾನು ಐದಕ್ಕಿಂತ ಕಡಿಮೆ ಇದ್ದರೆ ಇಳಿಯುವುದಿಲ್ಲ.

ರಾತ್ರಿ ಮನೆಗೆ ಬಂದೊಡನೆ, ಮೀನು ಹೆಚ್ಚುವುದಕ್ಕೂ ಮೊದಲು, ಒಳಬೂಟುಗಳನ್ನು ಹೊರಗೆಳೆದು ಬಿಸಿಗಾಳಿ ಬರುವ ನೆಲದ ಕಿಂಡಿಯ ಪಕ್ಕದಲ್ಲಿ ಬೋರಲು ನಿಲ್ಲಿಸುವುದು ನಮ್ಮ ಮನೆಯ ಕ್ರಮ. ಊರಿನಲ್ಲಿ ಮಳೆಗಾಲದ ಬಟ್ಟೆ ಬಚ್ಚಲ ಒಲೆಯ ಮೇಲಿನ ಗಳುವಿನಲ್ಲಿ ಒಣಗುತ್ತಿದ್ದ ಹಾಗೆ ಬೆಳಗ್ಗೆ ಹೊತ್ತಿಗೆ ಗರಿಗರಿಯಾಗಿರುತ್ತವೆ. ನೇರ ಬೆಂಕಿಯ ಮುಂದೆ ಇಟ್ಟರೆ ಉಣ್ಣೆ ಕುಗ್ಗುತ್ತದೆ, ಅಂಟು ಬಿಡುತ್ತದೆ. ಮೂರು ಚಳಿಗಾಲಗಳಲ್ಲಿ ಹಿಮ್ಮಡಿಯ ಕೆಳಗಿನ ಫೆಲ್ಟು ತಾಳೆಗರಿಯಷ್ಟು ತೆಳುವಾಗಿತ್ತು. ಹೊಸ ಒಳಬೂಟು ಬೇರೆಯಾಗಿಯೇ ಸಿಗುವುದರಿಂದ ಇಡೀ ಬೂಟನ್ನು ಎಸೆಯಬೇಕಾಗಲಿಲ್ಲ. ಈ ಜನವರಿಯಲ್ಲಿ ಶಿವಮೊಗ್ಗದಿಂದ ಭಾವ ಬರುವವರಿದ್ದಾರೆ. ಅವರ ಕಾಲು ನನ್ನದಕ್ಕಿಂತ ಅರ್ಧ ಅಂಕೆ ದೊಡ್ಡದು, ಆದ್ದರಿಂದ ಮನೆಯಲ್ಲಿರುವ ಬನ್ನಿ ಬೂಟು ಅವರಿಗೆ ಬಿಗಿ. ಬ್ಯಾಫಿನ್ನನ್ನು ಅವರಿಗೆ ಕೊಟ್ಟು ಬನ್ನಿ ಬೂಟನ್ನು ನಾನು ತೊಡುವುದೆಂದು ನಿಶ್ಚಯವಾಗಿದೆ. ಚಾಪೆಯ ತುಂಡು ಎರಡಿವೆ. ಗಂಬೂಟು ತರಲೇ ಎಂದು ಅವರು ಫೋನಿನಲ್ಲಿ ಎರಡು ಸಲ ಕೇಳಿದರು, ಬೇಡವೆಂದು ಎರಡು ಸಲವೂ ಹೇಳಿದ್ದೇನೆ.